ಅಪ್ಪನಿಗೆ ಹಿಮಚಿರತೆ ಕಂಡ ದಿನ

ಆಗೆಲ್ಲ ಸಿಂಗಪುರದ ಸೆಂಗ್‌ಕಾಂಗ್‌ನ ನಮ್ಮ ಹನ್ನೆರಡನೇ ಮಹಡಿಯ ಮನೆಯಲ್ಲಿ ಭಾನುವಾರವೆಂದರೆ ಅಮ್ಮ ರೊಟ್ಟಿ ಬಡಿಯುವ ಸಪ್ಪಳ, ಹುರಿದ ಶೇಂಗಾದ ವಾಸನೆ, ಅಪ್ಪನ ಲ್ಯಾಪ್‌ಟಾಪ್ ತುಂಬ ಹಿಮ. ನಿಮ್ಮಲ್ಲಿ ಕೆಲವರು ಅಪ್ಪನ ಜೊತೆ ಕೇರಂ ಆಡಿ ಬೆಳೆದಿರಬಹುದು. ನಾವಿಬ್ಬರು ಚಿರತೆ ಹುಡುಕುವ ಆಟ ಆಡುತ್ತಿದ್ದೆವು. ಅಪ್ಪ ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದ ಯಾವುದೋ ಬೋಳು ಬೆಟ್ಟದ ಫೋಟೊ ತೆರೆದಿಡುತ್ತಿದ್ದ. ಆ ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಹಿಮಚಿರತೆ ಎಲ್ಲೋ ಕೂತಿರುತ್ತಿತ್ತು.

“ಅಲ್ಲಿದೆ ಲಾ!” ಎಂದು ಸಿಂಗಪುರದ ಮಕ್ಕಳ ಧಾಟಿಯಲ್ಲಿ ನಾನು ಬೆರಳಿಟ್ಟರೆ ಅಪ್ಪ ಅಡುಗೆಮನೆಯತ್ತ ಕೂಗುತ್ತಿದ್ದ. “ನೋಡಿಲ್ಲೆ, ಮತ್ತ ಇಕೀನ ಗೆದ್ಲು!”

ಅಪ್ಪನ ಆಫೀಸು ಪಾಯಾ ಲೆಬಾರ್‌ನಲ್ಲಿತ್ತು. ಹುಟ್ಟಿದ್ದು ಗದಗಿನಲ್ಲಿ. ಹಿಮವನ್ನೇ ಕಾಣದೆ ಬೆಳೆದ ಅವನಿಗೆ ಆ ಪ್ರಾಣಿಯ ಹುಚ್ಚು ಎಲ್ಲಿಂದ ಹತ್ತಿತೋ ತಿಳಿಯದು. ನನಗೆ ಹನ್ನೊಂದು ತುಂಬಿದ ವರ್ಷ, ನವೆಂಬರ್ ಕೊನೆಯ ಶಾಲೆಯ ರಜೆಯಲ್ಲಿ, ನಾವು ಮೂವರೂ ಲಡಾಖಿಗೆ ಹೊರಟೆವು.

ಲೇಹ್‌ನಲ್ಲಿ ನಮ್ಮ ಗೈಡ್ ಸ್ಟಾನ್ಜಿನ್ ಕಾಯುತ್ತಿದ್ದ. ಮೂವತ್ತು ದಾಟಿದ, ಮೆಲುಮಾತಿನ ಮನುಷ್ಯ. ಇಲ್ಲಿನ ಗಾಳಿ ತೆಳು, ಮೈ ಒಗ್ಗಲು ಮೂರು ದಿನವಾದರೂ ಸುಮ್ಮನಿರಬೇಕು ಎಂದು ಹಿಂದಿಯಲ್ಲಿ ವಿವರಿಸಿದ. ಅಪ್ಪನಿಗೆ ಇದ್ದದ್ದು ಒಂದೇ ವಾರದ ರಜೆ. “ಒಂದ ದಿನ ಸಾಕು. ನಾವೇನ್ ಮುದುಕರಾ?” ಎಂದ. ಮರುದಿನವೇ ಉದ್ಯಾನದೊಳಗಿನ ರುಂಬಕ್ ಎಂಬ ಹಳ್ಳಿಗೆ ಹತ್ತಿದೆವು.

ನಾವು ಉಳಿದ ಮನೆಯ ಅಡುಗೆಕೋಣೆಯಲ್ಲಿ ಬೆರಣಿಯ ಹೊಗೆ, ಬೆಣ್ಣೆ ಹಾಕಿದ ಉಪ್ಪು ಚಹಾದ ವಾಸನೆ. ಕಿಟಕಿಯ ಆಚೆ ನೀಲಿ ಕುರಿ ಎಂದು ಕರೆಯುವ ಬೂದು ಬಣ್ಣದ ಕಾಡುಕುರಿಗಳು ಸಾಲಾಗಿ ಕಡಿದಾದ ಬೆಟ್ಟ ಇಳಿಯುತ್ತಿದ್ದವು. ಗಡ್ಡವಿರುವ ಒಂದು ದೊಡ್ಡ ರಣಹದ್ದು ರೆಕ್ಕೆ ಆಡಿಸದೆ ತೇಲುತ್ತಿತ್ತು. ನೋಡಿದಷ್ಟೂ ಸಾಲದು ಎನಿಸುತ್ತಿತ್ತು. ಆದರೆ ಎರಡನೆಯ ದಿನ ಬೆಳಿಗ್ಗೆ ಎದ್ದಾಗ ತಲೆಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದಂತಿತ್ತು. ಅಮ್ಮ ಕೊಟ್ಟ ರೊಟ್ಟಿ ಗಂಟಲಿಗಿಳಿಯಲಿಲ್ಲ.

ಅಪ್ಪ ನನ್ನ ಬೂಟು ಕಟ್ಟುತ್ತ ಮೆಲ್ಲಗೆ ಕೇಳಿದ. “ತಲಿ ನೋಯಾಕತ್ತದೇನು?”

“ಸ್ವಲ್ಪ.”

“ಅವ್ವಗ ಹೇಳಬ್ಯಾಡ. ಸ್ಟಾನ್ಜಿನ್‌ಗೂ ಬ್ಯಾಡ. ಇವತ್ತೊಂದ ದಿನ ನೋಡೋಣು, ನಾಳೆ ಇಳಿದಬಿಡೋಣು.”

ಅಪ್ಪ ನನ್ನೊಂದಿಗೆ ಗುಟ್ಟು ಹಂಚಿಕೊಂಡನೆಂದು ಆ ಕ್ಷಣ ನನಗೆ ಹೆಮ್ಮೆಯೇ ಆಗಿತ್ತು. 

ಅಮ್ಮನನ್ನು ಮನೆಯಲ್ಲೇ ಬಿಟ್ಟು ನಾವು ಮೂವರು ಎದುರಿನ ದಿಬ್ಬ ಹತ್ತಿದೆವು. ಅಪ್ಪ ಮತ್ತು ಸ್ಟಾನ್ಜಿನ್ ದೂರದರ್ಶಕದಲ್ಲಿ ಸರದಿಯ ಮೇಲೆ ನೋಡುತ್ತ ಗಂಟೆಗಟ್ಟಲೆ ಕಳೆದರು. ನಾನು ಕಲ್ಲಿಗೊರಗಿ ಬರಿಗಣ್ಣಲ್ಲೇ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಎದುರು ಬೆಟ್ಟದ ಒಂದು ಕಲ್ಲು ಬಾಲ ಎತ್ತಿತು.

“ಅಪ್ಪಾ, ಅಲ್ಲಿ. ಆ ಕಪ್ಪು ಗೆರೆ ಇದೆಯಲ್ಲ, ಅದರ ಕೆಳಗೆ.”

ಅಪ್ಪ ದೂರದರ್ಶಕವನ್ನು ಅತ್ತ ತಿರುಗಿಸಿದ. ಅವನ ಉಸಿರು ನಿಂತದ್ದು ನನಗೆ ಕೇಳಿಸಿತು. ಸ್ಟಾನ್ಜಿನ್ ಇನ್ನೊಂದು ಬದಿಯಿಂದ ನೋಡಲೆಂದು ತುಸು ಮುಂದಕ್ಕೆ ಹೋದ. ನನಗೂ ತೋರಿಸು ಎಂದು ಎದ್ದು ನಿಂತೆ, ನೆಲ ವಾಲಿತು. ಮೊಣಕಾಲೂರಿ ಹಿಮದ ಮೇಲೆ ವಾಂತಿ ಮಾಡಿಕೊಂಡೆ. “ಅಪ್ಪಾ” ಎಂದೆ.

“ಒಂದ ನಿಮಿಷ, ಪುಟ್ಟಿ.”

ಮತ್ತೆ ವಾಂತಿಯಾಯಿತು. ಕೈ ಊರಿದರೆ ಕೈ ನಿಲ್ಲುತ್ತಿರಲಿಲ್ಲ. “ಅಪ್ಪಾ, ನನಗೆ ಕಾಣ್ತಾ ಇಲ್ಲ.”

“ಒಂದ ನಿಮಿಷ ಅಂದೆನಲ್ಲಾ!”

ನನಗೆ ಕಾಣುತ್ತಿದ್ದದ್ದು ಅವನ ನೀಲಿ ಜಾಕೆಟ್ಟಿನ ಬೆನ್ನು, ಅದೂ ಮಸುಕಾಗಿ. ಆ ಬೆನ್ನು ತಿರುಗಲಿಲ್ಲ. ಓಡಿ ಬಂದವನು ಸ್ಟಾನ್ಜಿನ್. ನನ್ನ ಕಣ್ಣು ನೋಡಿದ, ಅಪ್ಪನಿಗೆ ಏನೋ ಕೂಗಿ ಹೇಳಿದ, ಉತ್ತರಕ್ಕೆ ಕಾಯದೆ ನನ್ನನ್ನು ಬೆನ್ನಿಗೆ ಹಾಕಿಕೊಂಡು ಇಳಿಯತೊಡಗಿದ.

ಮನೆಯ ಬಾಗಿಲಲ್ಲಿ ಅಮ್ಮ ನನ್ನನ್ನು ಅವನ ಬೆನ್ನಿನಿಂದ ಇಳಿಸಿಕೊಳ್ಳುತ್ತ ಕೇಳಿದ್ದು ಒಂದೇ ಮಾತು. “ಇಕೀ ಅಪ್ಪ ಎಲ್ಲಿ?”

ಸ್ಟಾನ್ಜಿನ್‌ಗೆ ಭಾಷೆ ತಿಳಿಯದಿದ್ದರೂ ಪ್ರಶ್ನೆ ತಿಳಿದಿತ್ತು. ದಿಬ್ಬದತ್ತ ಕೈ ತೋರಿಸಿ, ಕುದುರೆ ತರಲು ಓಡಿದ.

ಕುದುರೆಯ ಮೇಲೆ ನನ್ನನ್ನು ಕಟ್ಟಿ ಕೂರಿಸುತ್ತಿರುವಾಗ ಅಪ್ಪ ಬಂದ. ಮುಖ ಹೊಳೆಯುತ್ತಿತ್ತು. “ಇಪ್ಪತ್ತ ನಿಮಿಷ ಸಿಕ್ತು! ಕುರಿ ಹಿಂದ ಹೊಂಟಿತ್ತು...” ಅಮ್ಮ ಕೂಗಾಡಲಿಲ್ಲ. “ದಾರಿ ಬಿಡ್ರಿ” ಎಂದಳು, ಅಷ್ಟೇ.

ಲೇಹ್‌ನ ಆಸ್ಪತ್ರೆಯಲ್ಲಿ ಮೂರು ದಿನ ಮೂಗಿಗೆ ಆಮ್ಲಜನಕದ ನಳಿಗೆ. ಇನ್ನು ಸ್ವಲ್ಪ ತಡವಾಗಿದ್ದರೆ ಮಿದುಳಿಗೆ ಪೆಟ್ಟಾಗುತ್ತಿತ್ತು ಎಂದು ಡಾಕ್ಟರು ಅಮ್ಮನಿಗೆ ಹೇಳಿದರು. ಅಪ್ಪ ಮಂಚದ ಪಕ್ಕ ಕೂತು ನನ್ನ ಪಾದ ಒತ್ತುತ್ತಿದ್ದ. ಕ್ಷಮಿಸು ಎನ್ನುತ್ತಾನೆಂದು ಕಾದೆ. “ಫೋಟೊ ತೋರಿಸಲಾ?” ಎಂದ. ನಾನು ಕಣ್ಣು ಮುಚ್ಚಿಕೊಂಡೆ.

ಸಿಂಗಪುರಕ್ಕೆ ಮರಳಿದ ಮೇಲೆ ಬುಕಿತ್ ಬಾಟೋಕ್‌ನ ಸ್ನೇಹಿತರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಹೊರಗಿನವರ ಮುಂದೆ ಅಪ್ಪನದು ಬೆಂಗಳೂರು ಕನ್ನಡ. “ಗೈಡ್‌ಗೇ ಕಾಣ್ಸಿರ್ಲಿಲ್ಲ, ನಾನೇ ಫಸ್ಟ್ ಸ್ಪಾಟ್ ಮಾಡಿದ್ದು” ಎಂದು ಫೋನ್ ಎತ್ತಿ ಎಲ್ಲರಿಗೂ ತೋರಿಸಿದ.

ಆ ಮನೆಯ ಆಂಟಿ ನನ್ನತ್ತ ತಿರುಗಿದರು. “ನೀನೂ ನೋಡಿದ್ಯಾ ಪುಟ್ಟ?”

“ಅವಳಿಗೆ ಸ್ವಲ್ಪ ಹುಷಾರಿರ್ಲಿಲ್ಲ” ಎಂದು ಅಪ್ಪನೇ ಉತ್ತರಿಸಿದ.

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಅಮ್ಮ ಇಬ್ಬರೂ ಇಂದಿಗೂ ಒಂದೇ ಮನೆಯಲ್ಲಿದ್ದಾರೆ. ಊಟ, ಬಿಲ್ಲು, ನೆಂಟರು ಇಷ್ಟನ್ನು ಬಿಟ್ಟು ಅವರ ನಡುವೆ ಬೇರೆ ಮಾತಿಲ್ಲ.

ಹೋದ ವರ್ಷ, ಬೇರೆ ಮನೆಯಲ್ಲಿದ್ದ ನನಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಸ್ನೇಹಿತೆಯೊಬ್ಬಳು ಆಸ್ಪತ್ರೆಗೆ ಸೇರಿಸಿದಳು. ಅಮ್ಮನಿಗೆ ಸುದ್ದಿ ಕೊಟ್ಟೆ. ಅಪ್ಪನಿಗೆ ಎರಡು ದಿನದ ಮೇಲೆ ತಿಳಿಯಿತು. ಬಂದವನು ಬಾಗಿಲಲ್ಲೇ ನಿಂತ. ಕೂದಲೆಲ್ಲ ನರೆತಿತ್ತು.

“ನನಗ ಯಾಕ ಕರೀಲಿಲ್ಲ, ಪುಟ್ಟಿ?”

“ನೀವು ಬ್ಯುಸಿ ಇರ್ತೀರಿ ಅನ್ಕೊಂಡೆ” ಎಂದೆ.

ಹುಟ್ಟಿದಾಗಿನಿಂದ ‘ನೀನು’ ಎಂದೇ ಕರೆದವನನ್ನು ಎಂದಿನಿಂದ ‘ನೀವು’ ಎನ್ನತೊಡಗಿದೆನೋ ನನಗೇ ತಿಳಿಯದು. ಅಪ್ಪ ಅದನ್ನು ಆ ದಿನ ಮೊದಲ ಸಲ ಕೇಳಿಸಿಕೊಂಡನೆಂದು ಕಾಣುತ್ತದೆ. ಮಂಚದ ಪಕ್ಕ ಬಂದು ಕೂತ. ನಾನು ತಿದ್ದಿಕೊಳ್ಳಲಿಲ್ಲ.