ಬ್ರದರ್ ಜೆಪ್ಸನ್ನರ ಅಡಿಟಿಪ್ಪಣಿಗಳು
ಪ್ರೊವೊ ಊರಿನಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದವರಲ್ಲಿ ಯಾರಿಗೆ ಧರ್ಮದ ಬಗ್ಗೆ ಸಂಶಯ ಬಂದರೂ ನಿವೃತ್ತ ಪ್ರೊಫೆಸರ್ ಬ್ರದರ್ ಜೆಪ್ಸನ್ನರ ಬಾಗಿಲು ತಟ್ಟುತ್ತಿದ್ದರು. "ಅದಕ್ಕೂ ಉತ್ತರ ಇದೆ, ಕೂತ್ಕೊಳ್ಳಿ," ಎನ್ನುತ್ತ ಅವರು ಹನ್ನೊಂದು ಭಾಷೆಗಳ ಪುಸ್ತಕಗಳನ್ನು ಮಂಚದಡಿಯಿಂದ, ನೆಲಮಾಳಿಗೆಯ ಪೀಚ್ ಹಣ್ಣಿನ ಜಾಡಿಗಳ ಹಿಂದಿನಿಂದ ಎಳೆದು ತರುತ್ತಿದ್ದರು. "ಇವರು ಊಟದ ಪ್ರಾರ್ಥನೆಗೂ ಅಡಿಟಿಪ್ಪಣಿ ಹಾಕ್ತಾರೆ," ಎಂದು ಹೆಂಡತಿ ರೇಗಿಸುತ್ತಿದ್ದಳು. ಧರ್ಮವನ್ನು ಸಮರ್ಥಿಸಿ ಅವರು ಬರೆದ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಮೂಲದೊಡನೆ ತಾಳೆ ನೋಡಿದವಳು ಮಗಳು ಜನೀಲ್ ಒಬ್ಬಳೇ. "ಅಪ್ಪಾ, ಈ ಗ್ರೀಕ್ ಮಾತನ್ನ ಅರ್ಧಕ್ಕೇ ನಿಲ್ಲಿಸಿದೀರಿ. ಮುಂದಿಂದು ನಮಗೇ ವಿರುದ್ಧವಾಗಿದೆ," ಎಂದಳು ಒಂದು ಭಾನುವಾರ. ಅಂದು ಅವರು ಯಾವ ಪುಸ್ತಕ ತರಲೂ ಏಳಲಿಲ್ಲ. "ಪೂರ್ತಿ ಬರೆದಿದ್ರೆ ಎಷ್ಟೋ ಜನ ಚರ್ಚು ಬಿಡ್ತಿದ್ರು ಕಣಮ್ಮ." "ನೀವು ಬರೀಲಿಲ್ಲ ಅಂತ ನಾನು ಬಿಡ್ತಿದೀನಿ," ಎಂದು ಜನೀಲ್ ಮನೆಯಿಂದ ಹೊರಟಳು. ಆಮೇಲೆ ತಂದೆ ಮಗಳು ಮಾತಾಡಲಿಲ್ಲ. ಒಂಬತ್ತು ವರ್ಷದ ಬಳಿಕ ಅವಳು ಬಂದದ್ದು ಅವರ ಅಂತ್ಯಕ್ರಿಯೆಗೆ. ಅಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ಅವಳ ಎರಡೂ ಕೈ ಹಿಡಿದುಕೊಂಡಳು. "ನನ್ನ ಮಗು ಹೋದಾಗ ನಿಮ್ಮಪ್ಪನ ಪುಸ್ತಕ ಓದ್ಕೊಂಡೇ ಬದುಕಿದೆ. ಸತ್ತೋರು ಮತ್ತೆ ನಮಗೆ ಸಿಗ್ತಾರೆ ಅಂತ ಬರೆದಿದಾರೆ. ನಿಜ ತಾನೇ? ನೀನು ಅವರ ಮಗಳು, ನಿಂಗೆ ಗೊತ್ತಿರುತ್ತಲ್ಲ." ಜನೀಲ್ ಹೆಣದ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದಳು. "ಅಪ್ಪ ಅದನ್ನ ಮನಸಾರೆ ನಂಬಿದ್ರು," ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೂ ಮನಸ್ಸು ಬರಲಿಲ್ಲ.