ಉಪ್ಪಿಗೆ ಮೊದಲೇ ಬಿದ್ದ ಗಂಟು

ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗಂಟಕ್ಕ ಎಂದೇ. ಭಟ್ಟಿ ಇಳಿಸಿದ ನೀರಿಗೆ ಉಪ್ಪು ತೂಗಿ ಹಾಕಿ, ಕಲಕಿ, ಆಮೇಲೆ ಸೀಸೆಯ ಕುತ್ತಿಗೆಗೆ ಕೆಂಪು ದಾರದ ಗಂಟು ಬಿಗಿಯುವುದು ಅವಳ ಪದ್ಧತಿ. ಗಂಟಿದ್ದರೆ ಉಪ್ಪುನೀರು, ಇಲ್ಲದಿದ್ದರೆ ಬರಿನೀರು. "ನಿಮ್ಮ ಚೀಟಿ ಸುಳ್ಳು ಹೇಳೀತು, ನನ್ನ ಗಂಟು ಹೇಳಲ್ಲ," ಎನ್ನುವಳು. ಸೀಸೆ ತೊಳೆಯಲು ಬಂದವಳು, ನೋಡಿ ನೋಡಿ ಕಲಿತು, ಪರೀಕ್ಷೆ ಕಟ್ಟಿ ಪಾಸಾಗಿ, ಅದೇ ಕೋಣೆಗೆ ಯಜಮಾನಿಯಾದವಳು. ಸ್ವಲ್ಪ ಗತ್ತು ಇದ್ದರೆ ಇರಲಿ ಬಿಡಿ.

ಕಲಿಯಲು ಬಂದವರಿಗೆ ಅವಳ ಪಾಠವೂ ಹಾಗೇ. "ಕೆಂಪುಕಣ ಅಂದ್ರೆ ತೆಳು ಚೀಲ ಕಣ್ರೇ. ಒಳಗೂ ಹೊರಗೂ ಉಪ್ಪು ಸಮಾ ಇದ್ರೆ ನೆಮ್ಮದಿ. ಹೊರಗೆ ಬರಿನೀರಾ? ಕರೆಯದ ನೆಂಟರ ಹಾಗೆ ಒಳಕ್ಕೆ ನುಗ್ಗತ್ತೆ. ಕಣ ಉಬ್ಬಿ ಉಬ್ಬಿ ಪಟ್ ಅಂತ ಒಡೆಯತ್ತೆ. ಉಪ್ಪು ಹೆಚ್ಚಾದ್ರೆ ಒಣದ್ರಾಕ್ಷಿ ಥರ ಮುದುಡತ್ತೆ." ಅದೇ ನಾಲಿಗೆ ಮನೆಯಲ್ಲಿ ಸೊಸೆಯ ಕಡೆಗೂ ತಿರುಗುತ್ತಿತ್ತು: "ಅಡುಗೆಗೆ ಉಪ್ಪು ಮರೆಯೋಳು ನಾಳೆ ಮಗೂನೂ ಎಲ್ಲೋ ಮರೆತು ಬರ್ತೀಯ!"

ಆ ಸೊಸೆಗೆ ಒಂದು ದಿನ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲೇ ಹೆರಿಗೆ. ಗಂಟಕ್ಕ ಉಪ್ಪು ತೂಗುತ್ತಿದ್ದಳು. ಮಗ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ.

"ಅಮ್ಮಾ, ಮಗು ಆಯ್ತು. ಆದ್ರೆ ಅವಳಿಗೆ ರಕ್ತ ನಿಲ್ತಾನೇ ಇಲ್ಲ!"

 ಮಗನ ಮುಖ ನೋಡುತ್ತಲೇ ಗಂಟಕ್ಕನ ಕೈ ತನ್ನ ಪಾಡಿಗೆ ಸೀಸೆಗೆ ದಾರ ಬಿಗಿಯಿತು. ಸೊಸೆಯ ರಕ್ತದ ಮಾದರಿ ಬಂತು. ಅದೇ ಗುಂಪಿನ ಮೂರು ರಕ್ತದ ಚೀಲಗಳನ್ನು ತಂಪು ಕಪಾಟಿನಿಂದ ತೆಗೆದಳು. ಒಂದೊಂದರಿಂದ ತೊಟ್ಟು ತೆಗೆದು, ಕೊಳವೆಗೆ ಹಾಕಿದ ಸೀಸೆಯ ನೀರಲ್ಲಿ ಕದಡಿ, ಸೊಸೆಯ ರಕ್ತದಿಂದ ಬೇರ್ಪಡಿಸಿದ ತಿಳಿಗೆ ಸೇರಿಸಿದಳು. ಹೊಂದಿದರೆ ಕೊಳವೆ ಕೆಮ್ಮಣ್ಣಿನ ನೀರಿನಂತೆ ಮಬ್ಬಾಗಿರಬೇಕು. ಮೂರೂ ಕೆಂಪು ಗಾಜಿನಂತೆ ಪಾರದರ್ಶಕವಾಗಿ ಕಂಡವು. ಕಣಗಳೆಲ್ಲ ಒಡೆದಿದ್ದವು.

ಫೋನು ಹೊಡೆದುಕೊಂಡಿತು. "ರಕ್ತ ಎಲ್ಲಿ?" ಡಾಕ್ಟರಮ್ಮನ ದನಿ.

"ಯಾವುದೂ ಹೊಂದ್ತಿಲ್ಲ, ಡಾಕ್ಟರಮ್ಮಾ. ಅವಳ ರಕ್ತ ಮೂರನ್ನೂ ಒಡೀತಿದೆ."

"ಬೇರೆ ಕಡೆಯಿಂದ ತರಿಸೋ ಅಷ್ಟು ಹೊತ್ತು ನಮಗಿಲ್ಲ!"

ಗಂಟಕ್ಕ ಫೋನು ಇಟ್ಟಳು. ಸೊಸೆಯದೂ ತನ್ನದೂ ಒಂದೇ ಗುಂಪು. ಎದುರಿಗೆ ಉಳಿದ ದಾರಿ ತನ್ನ ಮೈಯ ರಕ್ತವೊಂದೇ. ಬೆರಳು ಚುಚ್ಚಿಕೊಂಡು ಒಂದು ತೊಟ್ಟನ್ನು ಕೊಳವೆಗೆ ಹಾಕಿದ ಸೀಸೆಯ ನೀರಿಗೆ ಬಿಟ್ಟಳು. ತಿಳಿ ಸೇರಿಸಲು ಕೈ ಚಾಚಿದಳು, ಚಾಚಿದ ಕೈ ಅಲ್ಲೇ ನಿಂತಿತು.

ಕಣ್ಣೆದುರೇ ಮಬ್ಬು ಕರಗಿ, ನೀರು ತಿಳಿಗೆಂಪಾಯಿತು.

ಸೊಸೆಯ ತಿಳಿಯ ಹನಿಯೂ ಇನ್ನೂ ಸೋಕಿರಲಿಲ್ಲ. ಹಾಗಾದರೆ ಒಡೆದವರು ಯಾರು?

ಮೆಲ್ಲಗೆ ತಿರುಗಿ ತಕ್ಕಡಿ ನೋಡಿದಳು. ತಟ್ಟೆಯಲ್ಲಿ ಉಪ್ಪು ಬೆಳ್ಳಗೆ, ತೂಗಿದ್ದು ತೂಗಿದ ಹಾಗೇ, ಕುಪ್ಪೆಯಾಗಿ ಕೂತಿತ್ತು. ಸೀಸೆಯ ಕುತ್ತಿಗೆಯಲ್ಲಿ ಕೆಂಪು ಗಂಟು.  ಊರಿಗೆಲ್ಲ ಹೇಳಿಕೊಟ್ಟ ಪಾಠ ಅವಳ ಮನೆ ಬಾಗಿಲಿಗೇ ಬಂದು ನಿಂತಿತ್ತು.

"ಅಯ್ಯೋ, ನನ್ನ ಕೈ ಸೇದಿಹೋಗ!" ಎಂದು ಕೂಗಿದ್ದು ಕಾರಿಡಾರಿಗೆಲ್ಲ ಕೇಳಿತು. ಬೇರೆ ನೀರಿಗೆ ಆ ಉಪ್ಪು ಸುರಿದು, ಕಲಕಿ, ಹೊಸ ಕೊಳವೆಗಳಲ್ಲಿ ಮತ್ತೆ ನೋಡಿದಳು. ಮೊದಲನೆಯದು ಮಬ್ಬಾಗಿಯೇ ಉಳಿಯಿತು. ಎರಡನೆಯದೂ. ಮೂರನೆಯದೂ. ಸ್ವಲ್ಪ ಕಾದು, ಕೊಳವೆಗಳನ್ನು ಕಣ್ಣೆದುರು ಹಿಡಿದು, ಸೂಕ್ಷ್ಮದರ್ಶಕದಲ್ಲೂ ನೋಡಿ ಚೀಲಗಳನ್ನು ಮಗನ ಕೈಗಿಟ್ಟಳು. "ಓಡು! ಡಾಕ್ಟರಮ್ಮಂಗೆ ಹೇಳು, ತಪ್ಪು ನಂದು, ರಕ್ತದ್ದಲ್ಲ!"

ಸೊಸೆ ಉಳಿದಳು.

ಸಂಜೆ ಗಂಟಕ್ಕ ಮಂಚದ ಪಕ್ಕ ಕೂತಾಗ ಕೊನೆಯ ಚೀಲದಿಂದ ರಕ್ತ ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಸೊಸೆಯ ತುಟಿ ಇನ್ನೂ ಸುಣ್ಣದ ಬಿಳುಪು. ಆದರೂ ಕಣ್ಣಲ್ಲಿ ತುಂಟತನ.

"ಅತ್ತೆ, ಉಪ್ಪು ಮರೆತ್ರಂತೆ?"

ಮಗ ಕಿಸಕ್ಕನೆ ನಕ್ಕ. ಗಂಟಕ್ಕನಿಗೆ ನಗು ಬರಲಿಲ್ಲ. ಈ ಮೂರು ಒಳ್ಳೆಯ ಚೀಲಗಳನ್ನೂ ಆಗಲ್ಲ ಅಂದಿದ್ದ ಬಾಯಿ ತನ್ನದು. ಬೆರಳು ಚುಚ್ಚಿಕೊಳ್ಳುವುದು ಹೊಳೆಯದೇ ಹೋಗಿದ್ದರೆ?

ಸೊಸೆ ಕೈ ನೀಡಿ ಅತ್ತೆಯ ಕೈ ಹಿಡಿದಳು. ಹಿಡಿದವಳೇ ಹುಬ್ಬು ಗಂಟಿಕ್ಕಿದಳು.

"ರಕ್ತ ಹೋದದ್ದು ನನಗೆ. ನಿಮ್ಮ ಕೈ ಯಾಕತ್ತೆ ಇಷ್ಟು ತಣ್ಣಗಿದೆ?"