ಓದುವವಳ ಮೊರ

ನಿಪ್ಪಾಣಿಯ ನಮ್ಮ ಗಲ್ಲಿಯಲ್ಲಿ ಭೀಮಾಬಾಯಿ ಬೀಡಿ ಕಟ್ಟುವುದನ್ನು ಕಂಡವರು ಕಡಿಮೆ. ಅವಳು ಓದುವವಳು. ಮಧ್ಯಾಹ್ನ ನಾವೆಲ್ಲ ಅವಳ ಮನೆಯ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತರೆ, ಅವಳು ಕಂಬಕ್ಕೆ ಒರಗಿ ಪೇಪರು, ಪುರಾಣ, ಕೈಗೆ ಸಿಕ್ಕದ್ದನ್ನು ಓದುತ್ತಿದ್ದಳು. ಓದುವವಳ ಕೈ ಖಾಲಿಯಲ್ಲವೇ? ಅದಕ್ಕೆ ಏಳುವಾಗ ಒಬ್ಬೊಬ್ಬರೂ ತಾವು ಕಟ್ಟಿದ್ದರಲ್ಲಿ ಒಂದು ಹಿಡಿ ಬೀಡಿ ಅವಳ ಮೊರಕ್ಕೆ ಹಾಕುವುದು ರೂಢಿ. ಆ ಕಂಬದ ಬುಡ ಮೊದಲು ಅವಳ ಅತ್ತೆಯದು, ಆಮೇಲೆ ಇವಳದು. ಮುಂದೆ ಸೊಸೆ ಸ್ನೇಹಲಳದು ಎಂದು ಅವಳೇ ಸಾರಿದ್ದಳು. ಸ್ನೇಹಲ ಪುಸ್ತಕ ಕಂಡರೆ ಆಕಳಿಸುವ ಹುಡುಗಿ, ಆ ಮಾತು ಬೇರೆ.

ಮಗಳ ಬಾಣಂತನಕ್ಕೆಂದು ಭೀಮಾಬಾಯಿ ಕೊಲ್ಲಾಪುರಕ್ಕೆ ಹೋದಾಗ ನಮ್ಮ ಜೊತೆ ಬೀಡಿ ಕಟ್ಟುವ ಸುಲ್ತಾನಬಿಯ ಸೊಸೆ ಜಾಸ್ಮಿನ ಓದತೊಡಗಿದಳು. ಕುಡಚಿಯ ಹುಡುಗಿ, ಬಿ.ಎ. ಮಾಡಿದವಳು. ತಂದದ್ದು ಒಂದು ತೆಳ್ಳನೆಯ ಪುಸ್ತಕ. ಎಲ್ಲೋ ದೂರದ ದೇಶದಲ್ಲಿ ಜನ ರಾಜನ ಮೇಲೆ ತಿರುಗಿಬಿದ್ದ ಕಾಲದಲ್ಲಿ ಯಾರೋ ಬರೆದ ಲೇಖನವಂತೆ, ಕನ್ನಡಕ್ಕೆ ಬಂದದ್ದು. ರಾಜಕೀಯ ನಮಗೇಕೆ ಅಂದುಕೊಂಡೆವು. ಆದರೆ ಅವಳು ಓದುತ್ತಿದ್ದರೆ ದಾರ ಸುತ್ತುವ ಬೆರಳು ಹಾಗೇ ನಿಂತುಬಿಡುತ್ತಿತ್ತು.

ಭೀಮಾಬಾಯಿ ತಿರುಗಿ ಬಂದ ದಿನ ಕಂಬದ ಬುಡದಲ್ಲಿ ಕೂತ ಜಾಸ್ಮಿನಳನ್ನೂ ನಾವು ಯಾರೂ ಏಳುವ ಮೊದಲೇ ಅವಳ ಮುಂದೆ ತುಂಬಿದ್ದ ಮೊರವನ್ನೂ ಕಂಡಳು. ತನ್ನ ಮೊರಕ್ಕೆ ಎಂದೂ ಅಷ್ಟು ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಿಗೆ ಮುಖ ಕಪ್ಪಿಟ್ಟಿತು.

"ಏಳ ಬೇ. ಈ ಜಾಗಾ ನಮ್ಮ ಅತ್ತಿದು. ಈಗ ನಂದು. ನಾಳೆ ನನ್ನ ಸೊಸಿದು."

"ಕೂಡ್ರಿ ಮಾವಶಿ. ಇಲ್ಲೀತನಕ ಆಗೇತ್ರಿ," ಎಂದು ಜಾಸ್ಮಿನ ಎದ್ದು, ಪುಟ ತೋರಿಸಿ ಪುಸ್ತಕ ಕೊಟ್ಟಳು.

ಭೀಮಾಬಾಯಿ ಅಲ್ಲಿಂದಲೇ ಗಟ್ಟಿಯಾಗಿ ಶುರುಮಾಡಿದಳು. ಅಪ್ಪ ಕೂತ ಗಾದಿಯಲ್ಲಿ ಮಗನೇ ಕೂರಬೇಕೆಂದು ಹೇಳಿದವರು ಯಾರು, ಯಾರನ್ನು ಕೇಳಿ ಹೇಳಿದರು ಎಂದಿತ್ತು ಅಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಕೈ ಕಂಬಕ್ಕೆ ಹೋಯಿತು, ದನಿ ನಿಂತಿತು. ಪುಟ ಹಾರಿಸಿದ್ದರೆ ಜಾಸ್ಮಿನಳೊಬ್ಬಳನ್ನು ಬಿಟ್ಟು ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ.

"ಮುಂದ ಓದ್ರಿ," ಎಂದಳು ಸುಲ್ತಾನಬಿ. "ಗಾದಿ ಯಾರಿಗೆ ಹೋತು?"

ಭೀಮಾಬಾಯಿ ಓದಿದಳು. ದನಿ ಇಳಿದಿತ್ತು, ಕಿವಿ ಕೆಂಪಾಗಿತ್ತು, ಆದರೆ ಒಂದು ಸಾಲೂ ಬಿಡಲಿಲ್ಲ. ಎಷ್ಟೇ ಜಂಬದವಳಾದರೂ ಓದಿನಲ್ಲಿ ಕಳ್ಳತನ ಮಾಡುವ ಹೆಂಗಸಲ್ಲ ಅವಳು.

ಓದು ಮುಗಿದಾಗ, ಅಷ್ಟರಲ್ಲಿ ತಾನೇ ಕಟ್ಟಿದ್ದರಲ್ಲಿ ಅವಳ ಮೊರಕ್ಕೆ ಮೊದಲ ಹಿಡಿ ಹಾಕಿದವಳು ಜಾಸ್ಮಿನ. ಭೀಮಾಬಾಯಿ ಒಂದು ಬೀಡಿ ಎತ್ತಿದ್ದೇ ತಡ, ಎಲೆ ಬಿಚ್ಚಿಕೊಂಡು ತಂಬಾಕು ಮಡಿಲಿಗೆ ಸುರಿಯಿತು. ಬಂದಾಗಿನಿಂದ ಮೊದಲ ಸಲ ಅವಳ ಮುಖ ಅರಳಿತು.

"ಥೂ! ಇಂಥಾ ಬೀಡಿ ಕಂಡ್ರ ಕಾರಖಾನಿಯವ್ರು ಎಲ್ಲಾರ ಮಾಲೂ ಹೊಳ್ಳಿ ಕಳಸ್ತಾರ. ನಾಳಿಂದ ನೀನ ಓದವಾ, ಕಟ್ಟೂದು ನಾ ನೋಡ್ಕೋತೀನಿ."

ಮರುದಿನ ಅವಳು ಮೊರ ಹಿಡಿದು ನನ್ನ ಪಕ್ಕ ಕೂತಳು. ಜಾಸ್ಮಿನ ಓದಿ ಮುಗಿಸಿದ ಮೇಲೆ ಎಲ್ಲರೂ ಹಿಡಿ ತುಂಬ ಹಾಕಿದರು. ಭೀಮಾಬಾಯಿಯೂ ಹಾಕಿದಳು, ಎಲ್ಲರಿಗಿಂತ ಸಣ್ಣ ಹಿಡಿ.

"ಯಾಕ ಬೇ, ಇಷ್ಟ ಹಾಕಿದಿ?" ಎಂದು ಕೇಳಿದೆ.

"ಅಕಿ ಭಾಳ ಛಲೋ ಓದ್ತಾಳ," ಎಂದಳು. "ಅದಕ್ಕ."